ಬರಿಗೈ ಹಳ್ಳದ ಮರಳು ಯಾಕೆ ಮಿನುಗುತ್ತದೆ

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟಗಳು ಆಗತಾನೇ ನೆಟ್ಟಗೆ ಕೂರುವುದನ್ನು ಕಲಿಯುತ್ತಿದ್ದವು. ಸೂರ್ಯ ಎಲ್ಲರಿಗೂ ಒಂದೊಂದು ಪಾಲು ಹಂಚಿದ. ಮೂಡಲ ಬೆಟ್ಟಕ್ಕೆ ಬಂಗಾರ, ಕಾಡಿಗೆ ಜೇನು, ಕೆರೆಗೆ ತಾವರೆ. ಒಂದು ಪುಟ್ಟ ಹಳ್ಳ ಮಾತ್ರ ಕಪ್ಪೆಯ ಜೊತೆ ಹರಟೆ ಹೊಡೆದು ತಡವಾಗಿ ಬಂತು. ಬುಟ್ಟಿ ಖಾಲಿ! ಅವತ್ತಿನಿಂದ ಎಲ್ಲರೂ ಅದನ್ನು ಬರಿಗೈ ಹಳ್ಳ ಎಂದೇ ಕರೆದರು.

ಬರಿಗೈ ಹಳ್ಳದ ಹತ್ತಿರ ಯಾರು ಬರುತ್ತಾರೆ? ಬರುತ್ತಿದ್ದವನು ಒಬ್ಬನೇ, ಜುಂಜ.

ಜುಂಜ ವಾರವೆಲ್ಲ ಹೊಲ ಉಳುತ್ತಿದ್ದ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವ ಹಾಗಿಲ್ಲವಲ್ಲ? ಅವತ್ತು ಹೆಂಡತಿ ಚಿಕ್ಕೀರಿ ಹಿಟ್ಟು ನಾದುವ ಮರದ ಮರಿಗೆಯನ್ನು ಹೊತ್ತುಕೊಂಡು ಬಂಗಾರ ಹುಡುಕಲು ಬರುತ್ತಿದ್ದ. ಮರಿಗೆಗೆ ಮರಳು ತುಂಬಿ, ನೀರು ಬಿಟ್ಟು, ಗರಗರ ತಿರುಗಿಸುತ್ತಿದ್ದ. ಹಗುರವಾದದ್ದು ಅಂಚಿನಿಂದ ಆಚೆ ಚೆಲ್ಲುತ್ತಿತ್ತು. ಭಾರವಾದದ್ದು ತಳದಲ್ಲಿ ಉಳಿಯುತ್ತಿತ್ತು. ಬಂಗಾರ ಭಾರ, ಇದ್ದರೆ ತಳದಲ್ಲೇ ಇರಬೇಕು. ಆದರೆ ತಳದಲ್ಲಿ ಯಾವಾಗಲೂ ಬರೀ ಕರಿಮರಳು.

"ಇಲ್ಲಿ ಬಂಗಾರ ಸಿಕ್ಕಿದ್ದನ್ನ ಯಾವನಾದರೂ ನೋಡಿದ್ದಾನೇನೋ?" ಎಂದು ಕಪ್ಪೆ ಹಂಗಿಸುತ್ತಿತ್ತು.

"ಯಾರೂ ನೋಡಿಲ್ಲ. ಅದಕ್ಕೇ ನಾನು ನೋಡ್ತಿರೋದು" ಎನ್ನುತ್ತಿದ್ದ ಜುಂಜ.

ತಿರುಗಿಸುತ್ತಾ ತಿರುಗಿಸುತ್ತಾ ಅವನು ಹಳ್ಳದ ಜೊತೆ ಮಾತಾಡುತ್ತಿದ್ದ. ಎತ್ತಿನ ಕೆಮ್ಮು, ಮಗಳ ಮೊದಲ ಹಲ್ಲು, ಉಪ್ಪು ಜಾಸ್ತಿಯಾದ ಸಾರು, ಎಲ್ಲ. ಹಳ್ಳಕ್ಕೆ ಅದೇ ಜೇನು, ಅದೇ ತಾವರೆ.

ಒಂದು ಸೋಮವಾರ ಅವನು ಮುಖ ಜೋತುಹಾಕಿಕೊಂಡು ಬಂದ.

"ಹಳ್ಳವ್ವ, ಇವತ್ತೇ ಕೊನೆ. ಮಿನುಗೋದು ಒಂದು ಚೂರಾದರೂ ತರಬೇಕಂತೆ. ಇಲ್ಲ ಅಂದ್ರೆ ಇನ್ನು ಮರಿಗೆ ಮುಟ್ಟೋ ಹಾಗಿಲ್ಲ ಅಂದಿದ್ದಾಳೆ ಚಿಕ್ಕೀರಿ."

ಹಳ್ಳ ಗಾಬರಿಯಿಂದ ಮೂಡಲ ಬೆಟ್ಟದ ಕಡೆ ತಿರುಗಿತು. ಇವನೂ ಬರದಿದ್ದರೆ?

"ಬೆಟ್ಟಣ್ಣ, ಸಾಸಿವೆಯಷ್ಟು ಬಂಗಾರ ಕೊಡು" ಎಂದು ಬೇಡಿತು.

"ತಡವಾಗಿ ಬಂದವರಿಗೆ ತಂಗಳೂ ಇಲ್ಲ" ಎಂದಿತು ಬೆಟ್ಟ.

ದಂಡೆಯ ಮೇಲಿದ್ದ ಸಿಪಿಲೆ ಹಕ್ಕಿ ಹೇಳಿತು: "ಅಳಬೇಡ ಮಾರಾಯ್ತಿ, ನೀನು ಅತ್ತರೆ ನನ್ನ ಗೂಡು ತೇಲಿಹೋಗತ್ತೆ!" ಹೇಳಿದ್ದೇ ಸೂರ್ಯನ ಹತ್ತಿರ ಹಾರಿತು.

"ಬಂಗಾರ ಮುಗೀತು" ಎಂದ ಸೂರ್ಯ. "ಹಗಲನ್ನು ಉಜ್ಜುವಾಗ ಉದುರಿದ ಸಿಪ್ಪೆ ಇದೆ, ಬೇಕಾದರೆ ಒಯ್ಯಿ. ಈರುಳ್ಳಿ ಸಿಪ್ಪೆಗಿಂತ ತೆಳು. ಮಿನುಗುತ್ತೆ, ಅಷ್ಟೇ."

ಸಿಪಿಲೆ ಬಾಲದ ತುಂಬ ಸಿಪ್ಪೆ ಹೊತ್ತು ತಂದು, ಬಾಲ ಮೇಲೆ ಕೆಳಗೆ, ಮೇಲೆ ಕೆಳಗೆ ಆಡಿಸಿ ಮರಳಿಗೆಲ್ಲ ಉದುರಿಸಿತು.

ಜುಂಜ ಮರಿಗೆ ತಿರುಗಿಸಿದ. ಹಗುರವಾದ ಸಿಪ್ಪೆಯೆಲ್ಲ ಅಂಚಿನಿಂದ ಆಚೆ ಹೋಯಿತು! ಮತ್ತೆ ತಿರುಗಿಸಿದ. ಮತ್ತೆ ಹೋಯಿತು. ಅವನ ಕಣ್ಣೋ, ತಳ ಬಿಟ್ಟು ಕದಲಲಿಲ್ಲ.

"ಅಂಚು ನೋಡೋ, ಅಂಚು!" ಎಂದು ಹಳ್ಳ ಗುಳುಗುಳು ಕೂಗಿತು. ಬಂಗಾರ ಹುಡುಕುವವನಿಗೆ ಬೇರೆ ಏನಾದರೂ ಕೇಳಿಸುತ್ತದೆಯೇ?

ಹೊತ್ತು ಇಳಿಯಿತು. ಜುಂಜ ಹಳ್ಳದ ನೀರಲ್ಲಿ ಮುಖ ತೊಳೆದು, ಬರ್ತೀನಿ ಅಂತಲೂ ಹೇಳದೆ ಹೊರಟ. ಸಿಪಿಲೆ ಅವನ ಹಿಂದೆಯೇ ಹಾರಿತು. ಮುಂದೆ ಆದದ್ದನ್ನು ಹಳ್ಳಕ್ಕೆ ಬಂದು ಹೇಳಿದ್ದು ಅದೇ.

"ತಗೊಳ್ಳೇ ನಿನ್ನ ಮರಿಗೆ. ಏನೂ ಸಿಗಲಿಲ್ಲ" ಎಂದ ಜುಂಜ.

ಬೈಯಲು ತಿರುಗಿದ ಚಿಕ್ಕೀರಿ ಬಿದ್ದು ಬಿದ್ದು ನಕ್ಕಳು. ಅವನ ಹುಬ್ಬು, ಮೀಸೆ, ಕಿವಿ, ಎಲ್ಲ ಫಳಫಳ! ಮಗು ಚಪ್ಪಾಳೆ ತಟ್ಟಿತು. ಚಿಕ್ಕೀರಿ ಅವನ ಮೂಗಿನ ಮೇಲಿಂದ ಒಂದು ಚೂರು ತೆಗೆದು ಉಫ್ ಎಂದಳು. ಅದು ಹಾರಿಹೋಯಿತು.

"ಊದಿದರೆ ಹಾರೋ ಬಂಗಾರ ಎಲ್ಲಾದರೂ ಉಂಟೇನಯ್ಯಾ?"

ಜುಂಜ ತಲೆ ತಗ್ಗಿಸಿದ.

"ಮಿನುಗೋದು ತಾ ಅಂದಿದ್ದೆ, ತಂದಿದ್ದೀಯ. ಈ ಮೂತಿ ಮದುವೆ ದಿನವೂ ಇಷ್ಟು ಚೆನ್ನಾಗಿರಲಿಲ್ಲ! ಬರೋ ಸೋಮವಾರ ನಾವೂ ಬರ್ತೀವಿ. ಮರಿಗೆ ನಾನು ತಿರುಗಿಸ್ತೀನಿ, ನೀನು ಬುತ್ತಿ ಹೊರು."

ಇದನ್ನು ಕೇಳಿದ ಹಳ್ಳ ಆ ಸಿಪ್ಪೆಯನ್ನು ಯಾರಿಗೂ ಹಿಂದಿರುಗಿಸಲಿಲ್ಲ. ನಾವು ಅದನ್ನು ಕಾಗೆಬಂಗಾರ ಎನ್ನುತ್ತೇವೆ. ಸಿಪಿಲೆ ಇವತ್ತಿಗೂ ಬಾಲ ಕೊಡವುವುದನ್ನು ಬಿಟ್ಟಿಲ್ಲ. ಇನ್ನು ನೀನು ಮರಳಲ್ಲಿ ಆಡಿ ಬಂದಾಗ ನಿನ್ನ ಮೊಣಕಾಲು, ಕಿವಿ ಮಿನುಗುತ್ತವಲ್ಲ, ಅದು ಹಳ್ಳ "ನಾಳೆಯೂ ಬಾ" ಅಂತ ಅಂಟಿಸಿ ಕಳಿಸಿದ್ದು.