ಮುಳುಗಿದ ಹಡಗಿನ ಗಂಟೆ

ಈ ಕತೆ ನನಗೆ ಮೊದಲು ಹೇಳಿದವಳು ನಮ್ಮ ಹಾಸ್ಟೆಲಿನ ಅಡುಗೆಯ ಸುಂದರಿಯಕ್ಕ. ಸಾರು ಕುದಿಯುವವರೆಗೆ ನಮ್ಮ ಬಾಯಿ ಮುಚ್ಚಿಸಲು ಅವಳಿಗೆ ಬೇರೆ ದಾರಿ ಇರಲಿಲ್ಲ.

ಅಲೆಕೋಟೆಯ ಅರಸ ಗಂಡಭೀಮನಿಗೆ ದಿನಕ್ಕೆ ಐದು ಊಟ. ಒಂದು ದಿನ ಆಸ್ಥಾನದಲ್ಲಿ ಮೀಸೆ ತಿರುವಿ, “ಹೋದ ವರ್ಷ ಮುಳುಗಿತಲ್ಲ ಹಡಗು, ಅದರ ಗಂಟೆ ನನ್ನ ಊಟದ ಮನೆಯಲ್ಲಿ ತೂಗಬೇಕು. ಅದು ಢಣ್ ಎಂದರೆ ಎಲೆ ಬೀಳಬೇಕು! ನಾಳೆಯೇ ಮುಳುಗುಗಾರರನ್ನು ಇಳಿಸಿ,” ಎಂದ.

ಆ ಹಡಗಿನೊಂದಿಗೆ ಹನ್ನೊಂದು ಜನ ಹೋಗಿದ್ದರು. ಒಬ್ಬರ ಹೆಣವೂ ಸಿಕ್ಕಿರಲಿಲ್ಲ. ಅವರಲ್ಲೊಬ್ಬನ ಹೆಂಡತಿ, ಬಾಗಿ ಎಂಬವಳು, ಸುದ್ದಿ ಕೇಳಿ ಓಡಿಬಂದಳು.

“ಬೇಡಿ ಒಡೆಯ. ನನ್ನ ಗಂಡ ಅಲ್ಲೇ ಮಲಗಿದ್ದಾನೆ. ಈಗ ಅದೇ ಅವನ ಮನೆ. ಮನೆಗೆ ನುಗ್ಗಿ ಸಾಮಾನು ಎತ್ತುತ್ತಾರೆಯೇ?”

“ಅವನ ಮನೆಯಂತೆ! ನನ್ನ ಕಡಲಲ್ಲಿ ಮುಳುಗಿದ್ದೆಲ್ಲ ನನ್ನದು. ಆ ಹಡಗೂ ನನ್ನ ಅರಮನೆಯ ಒಂದು ಕೋಣೆ, ತಿಳಿಯಿತೇ?”

ಆಸ್ಥಾನದ ಜಾಣ ಐತಪ್ಪನ ಕಿವಿ ನೆಟ್ಟಗಾಯಿತು. “ಅರಮನೆಯ ಕೋಣೆಯೇ, ಪ್ರಭು?”

“ಹೌದಯ್ಯ! ಬೇಕಾದರೆ ಡಂಗುರ ಹೊಡೆಸು!”

ಐತಪ್ಪ ಹೊಡೆಸಿಯೇಬಿಟ್ಟ.

ಮರುದಿನ ಬೆಳಗ್ಗೆ ಅರಸ ಬಂದು ಕುಳಿತರೆ ಎಲೆ ಖಾಲಿ. ಅಡುಗೆಮನೆಗೆ ಹೋದರೆ ಒಲೆಯಲ್ಲಿ ಬೆಕ್ಕು ಮಲಗಿದೆ.

“ಐತಪ್ಪಾ! ದೋಸೆ ಎಲ್ಲೋ?”

“ಸಾವಾದ ಮನೆಯಲ್ಲಿ ಹೆಣ ಎತ್ತುವವರೆಗೆ ಒಲೆ ಹೊತ್ತಿಸುವಂತಿಲ್ಲ, ಪ್ರಭು. ನಮ್ಮ ಕಡೆಯ ಪದ್ಧತಿ.”

“ಯಾರೋ ಸತ್ತದ್ದು?”

“ಹನ್ನೊಂದು ಜನ. ತಮ್ಮ ಕಡಲ ಕೋಣೆಯಲ್ಲಿ. ಡಂಗುರ ಕೇಳಿದ್ದೇ ತಡ, ಅಡುಗೆಯವರು ಸೌದೆಯನ್ನೇ ಮುಟ್ಟುತ್ತಿಲ್ಲ.”

“ಹಾಗಾದರೆ ಹೆಣ ಎತ್ತಿಸು!”

“ಕಡಲು ಕೊಟ್ಟಿದ್ದರೆ ಬಾಗಿ ಆಗಲೇ ಎತ್ತಿಸುತ್ತಿದ್ದಳು.”

ಅಷ್ಟರಲ್ಲಿ ಬಾಗಿಯೇ ಗಂಜಿಯ ಗಡಿಗೆ ಹೊತ್ತು ಬಂದಳು. “ಸಾವಿನ ಮನೆಗೆ ನೆರೆಯವರು ಗಂಜಿ ತರಬೇಕಲ್ಲ, ಒಡೆಯ. ಆಗ ನನಗೂ ತಂದಿದ್ದರು. ಉಪ್ಪು ಸ್ವಲ್ಪ ಕಮ್ಮಿ.”

ಅರಸ ಒಂದು ಗುಟುಕು ಕುಡಿದ. ಮೀಸೆ ಇಳಿಯಿತು.

“ಅದು ನನ್ನ ಕೋಣೆ ಅಲ್ಲವಮ್ಮ. ನಿನ್ನ ಗಂಡನ ಮನೆಯೇ. ಗಂಟೆ ಅಲ್ಲೇ ಇರಲಿ. ಇನ್ನು ಯಾರೂ ಅಲ್ಲಿಗೆ ಇಳಿಯಕೂಡದು.” ಆಮೇಲೆ ತಿರುಗಿ ಗುಡುಗಿದ: “ಈಗಲಾದರೂ ಒಲೆ ಹೊತ್ತಿಸೋ, ಐತಪ್ಪಾ!”

“ನಮ್ಮ ಮನೆಯಲ್ಲಿ ಆಗಲೇ ಹೊತ್ತಿದೆ, ಪ್ರಭು. ಐವತ್ತು ದೋಸೆ ಆಗಿವೆ. ತಾವು ಎರಡನೇ ಊಟದವರೆಗೂ ತಡೆಯುವುದಿಲ್ಲ ಎಂದು ಹೆಂಡತಿಗೆ ಹೇಳಿಯೇ ಬಂದಿದ್ದೆ.”

ಅರಸ ಹೊಟ್ಟೆ ಹಿಡಿದು ನಕ್ಕ. ಖಾಲಿ ಹೊಟ್ಟೆ, ಹಿಡಿಯುವುದೂ ಸುಲಭವಿತ್ತು. ಕೊರಳ ಮುತ್ತಿನ ಸರ ತೆಗೆದು ಐತಪ್ಪನಿಗೆ ಹಾಕಿದ. ಗಂಜಿಯ ಗಡಿಗೆಯನ್ನು ಮಾತ್ರ ಯಾರಿಗೂ ಕೊಡಲಿಲ್ಲ.

ಸತ್ತವರ ಮನೆಯಿಂದ ‘ನೆನಪಿಗೆ ಒಂದಿರಲಿ’ ಎಂದು ಏನಾದರೂ ಎತ್ತಿಕೊಳ್ಳುವವರು ಕಂಡರೆ ನೀವೂ ಈ ಕತೆ ಹೇಳಿ. ಊಟಕ್ಕೆ ಮುಂಚೆಯೇ ಹೇಳಿ.