ಗಾಣದ ಹೆಂಗಸಿನ ತಕರಾರು

"ಗುರುಗಳೇ, ಪೇಟೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ನ್ಯಾಯಪೀಠಕ್ಕೆ ಹೊಸಬರೊಬ್ಬರ ಹೆಸರು ಬಂದಿದೆಯಂತೆ. ಬೇಕು ಎನ್ನುವವರು ಒಂದು ಕಡೆ, ಬೇಡ ಎನ್ನುವವರು ಇನ್ನೊಂದು ಕಡೆ. ನಾವು ಯಾರ ಪರ ನಿಲ್ಲಬೇಕು?"

ಹೀಗೆ ಕೇಳಿದವನು ಚನ್ನವೀರ. ಅಕ್ಕಿ ತರಲು ಪೇಟೆಗೆ ಹೋದವನು ಬರಿಗೈಯಲ್ಲಿ ಓಡಿ ಬಂದಿದ್ದ. ಅವನ ಉಸಿರು ಇನ್ನೂ ಹತೋಟಿಗೆ ಬಂದಿರಲಿಲ್ಲ. ಗುರುಗಳು ಅವನನ್ನು ಕೂರಿಸಿ, ಕುಡಿಯಲು ನೀರು ಕೊಟ್ಟು, ಈ ಕತೆ ಹೇಳಿದರು.

ಒಂದು ಕೋಟೆಯ ಊರಿನಲ್ಲಿ ಡಂಗುರ ಸಾರುವವನೊಬ್ಬನಿದ್ದ. ಅವನದು ಕಂಚಿನಂಥ ಕಂಠ. ತಮಟೆ ಬಡಿದು ಕೂಗಿದರೆ ಕೋಟೆಯ ಆಚೆ ಬಾಗಿಲಿನವರೆಗೂ ಕೇಳುತ್ತಿತ್ತು. ಆದರೆ ಅವನು ಕೂಗುತ್ತಿದ್ದುದು ಯಾರದೋ ಎಮ್ಮೆ ತಪ್ಪಿಸಿಕೊಂಡಿದ್ದನ್ನು, ಕೆರೆಯ ತೂಬು ಎತ್ತುವುದನ್ನು. ಜನ ತಕ್ಕಡಿ ಹಿಡಿದುಕೊಂಡೇ ಕೇಳುತ್ತಿದ್ದರು, ಕೇಳುತ್ತಲೇ ಮರೆಯುತ್ತಿದ್ದರು. ಒಂದು ದಿನವಾದರೂ ಈ ಪೇಟೆಯೆಲ್ಲ ಕೆಲಸ ಬಿಟ್ಟು ನನ್ನ ಮಾತಿಗೆ ನಿಲ್ಲಬೇಕು ಎಂಬುದು ಅವನ ಮನಸ್ಸಿನ ಆಸೆ.

ಆ ವರ್ಷ ಊರಿನ ಹಳೆಯ ನ್ಯಾಯಾಧಿಪತಿ ತೀರಿಕೊಂಡ. ಅರಸ ಆ ಪೀಠಕ್ಕೆ ಒಬ್ಬ ಪಂಡಿತನನ್ನು ಹೆಸರಿಸಿದ. ಹೆಸರಿಸಿದ ಕೂಡಲೇ ಪೀಠ ಏರುವಂತಿರಲಿಲ್ಲ. ಮೊದಲು ಹೆಸರನ್ನು ಪೇಟೆಯಲ್ಲಿ ಸಾರಬೇಕು. ಯಾರದಾದರೂ ತಕರಾರಿದ್ದರೆ ಹುಣ್ಣಿಮೆಯ ದಿನ ಹಿರಿಯರ ಸಭೆ ಅದನ್ನು ಕೇಳಬೇಕು. ಪಂಡಿತನ ಉತ್ತರವನ್ನೂ ಕೇಳಬೇಕು. ಆಮೇಲೆ ಸಭೆ ಒಪ್ಪಿದರೆ ಪೀಠ. ಇದು ಆ ಊರಿನ ಪದ್ಧತಿ.

ಡಂಗುರದವನು ಹೆಸರು ಸಾರಿದ. ಎಂದಿನಂತೆ ಯಾರೂ ತಲೆ ಎತ್ತಲಿಲ್ಲ. ಅವನು ತಮಟೆ ಹೆಗಲಿಗೇರಿಸಿ ಹೊರಟಾಗ ಒಬ್ಬ ಹೆಂಗಸು ಎದುರಿಗೆ ಬಂದು ನಿಂತಳು. ಅವಳು ಪಕ್ಕದ ಹಳ್ಳಿಯಲ್ಲಿ ಎಣ್ಣೆ ಗಾಣ ನಡೆಸುತ್ತಿದ್ದವಳು.

"ಅಣ್ಣಾ, ನನ್ನದೊಂದು ತಕರಾರಿದೆ. ಸಭೆಗೆ ತಿಳಿಸುವುದು ಹೇಗೆ?"

"ಏನು ತಕರಾರು ತಾಯಿ?"

"ನನ್ನ ಗಾಣದ ಜಾಗ ತನ್ನದೆಂದು ನೆರೆಯವನು ಜಗಳ ತೆಗೆದಿದ್ದ. ತೀರ್ಮಾನ ಮಾಡಲು ಬಂದವರು ಇದೇ ಪಂಡಿತರು. ಅವನ ಮಾತು ಪೂರ್ತಿ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ‘ಬಂಡಿ ಕಟ್ಟಿದೆ, ಹೊತ್ತಾಯಿತು’ ಎಂದು ಎದ್ದರು. ನಿಂತಲ್ಲೇ ತೀರ್ಪು ಹೇಳಿ ಹೋದರು. ಜಾಗ ಹೋಯಿತು. ಅದು ಮರಳಿ ಬೇಕೆಂದು ನಾನು ಕೇಳುತ್ತಿಲ್ಲ. ಪೀಠದಲ್ಲಿ ಕೂತ ಮೇಲೂ ಹಾಗೇ ಎದ್ದು ಹೋಗುತ್ತೀರಾ ಎಂದು ಸಭೆ ಅವರನ್ನು ಕೇಳಲಿ. ಅಷ್ಟೇ."

ಡಂಗುರದವನು ಮತ್ತೆ ತಮಟೆ ಬಡಿದ. ಅವಳು ಹೇಳಿದ್ದನ್ನು ಹೇಳಿದಂತೆಯೇ ಕೂಗಿದ. ಈ ಸಲ ತಕ್ಕಡಿಗಳು ನಿಂತವು. ಚೌಕಾಸಿ ನಿಂತಿತು. ಬಟ್ಟೆ ಅಂಗಡಿಯವನು ಬಟ್ಟೆಯನ್ನು ಅರ್ಧ ಹರಿದು ಹಾಗೆಯೇ ಹಿಡಿದುಕೊಂಡ. ಪೇಟೆಗೆ ಪೇಟೆಯೇ ತನ್ನ ಕಡೆ ತಿರುಗಿದ್ದನ್ನು ಕಂಡು ಡಂಗುರದವನ ಮೈ ಜುಮ್ಮೆಂದಿತು.

ಮರುದಿನ ಅವನು ಬರುವ ಮೊದಲೇ ಜನ ಸೇರಿದ್ದರು. "ಮುಂದೇನಾಯಿತು? ಹೇಳು, ಹೇಳು!" ಎಂದರು. ಮುಂದೆ ಏನೂ ಆಗಿರಲಿಲ್ಲ. ಅವನು ನಿನ್ನೆಯದನ್ನೇ ಇನ್ನೊಮ್ಮೆ ಹೇಳಿದ. ಹಿಂದಿನ ಸಾಲಿನವರು ಚದುರತೊಡಗಿದರು. ಅವನು ಹೆಂಗಸು ಇಳಿದುಕೊಂಡಿದ್ದ ಛತ್ರಕ್ಕೆ ಓಡಿದ.

"ಇನ್ನೇನಾದರೂ ಇದೆಯೇ ತಾಯಿ? ನೆನಪು ಮಾಡಿಕೊಂಡು ನೋಡು."

"ಇದ್ದದ್ದನ್ನು ಹೇಳಿದ್ದೇನೆ ಅಣ್ಣಾ. ಇಲ್ಲದ್ದನ್ನು ಎಲ್ಲಿಂದ ತರಲಿ?"

ಅವನು ಸುಳ್ಳುಗಾರನಲ್ಲ. ಇಲ್ಲದ್ದನ್ನು ಕೂಗಲು ಅವನಿಗೂ ಮನಸ್ಸಿರಲಿಲ್ಲ. ಆದರೆ ದಾರಿಯಲ್ಲಿ ಅವನಿಗೊಂದು ಉಪಾಯ ಹೊಳೆಯಿತು. ಕುಂಬಾರಗೇರಿಗೆ ಹೋಗಿ, "ಆ ಹೆಂಗಸಿನ ಮಾತನ್ನು ನೀವು ನಂಬುತ್ತೀರಾ?" ಎಂದು ಕೇಳಿದ. "ಬಡವಳು ಯಾಕೆ ಸುಳ್ಳು ಹೇಳುತ್ತಾಳೆ? ನಂಬುತ್ತೇವೆ" ಎಂದರು. ಕಂಚುಗಾರರ ಬೀದಿಯಲ್ಲಿ ಕೇಳಿದ. "ಪಂಡಿತರನ್ನು ಬಲ್ಲೆವು. ಅವಳನ್ನು ಯಾರೋ ಕಳಿಸಿದ್ದಾರೆ" ಎಂದರು. ಸಂಜೆ ಅವನು ತಮಟೆ ಬಡಿದು ಕೂಗಿದ.

"ಕೇಳಿರಪ್ಪಾ ಕೇಳಿ! ಕುಂಬಾರಗೇರಿ ನಂಬಿತು! ಕಂಚುಗಾರರ ಬೀದಿ ನಂಬಲಿಲ್ಲ!"

ಪೇಟೆ ಹುಚ್ಚೆದ್ದಿತು. ನಮ್ಮ ಬೀದಿಯನ್ನು ಯಾಕೆ ಕೇಳಲಿಲ್ಲ ಎಂದು ನೇಕಾರರು ಅವನ ಕೈ ಹಿಡಿದು ಎಳೆದರು. ಹೂವಾಡಿಗರು ಇನ್ನೊಂದು ಕೈ ಹಿಡಿದರು. ಅವನು ಬೆಳಗಿನಿಂದ ಬೀದಿ ಬೀದಿ ಸುತ್ತಿದ, ಸಂಜೆ ಕೂಗಿದ. ಬೆಳಿಗ್ಗೆ ಅವಳ ಕಡೆಗಿದ್ದ ಬೀದಿ ಸಂಜೆಗೆ ಪಂಡಿತನ ಕಡೆ ವಾಲಿದರೆ ಆ ಸುದ್ದಿ ಕೇಳಲು ಜನ ಮಾಡು ಹತ್ತಿದರು. ತಾವೇ ಆಡಿದ ಮಾತನ್ನು ಅವನ ಬಾಯಲ್ಲಿ ಕೇಳಿ ಕುಣಿದರು. ಪಂಡಿತನ ಪರದವರು ಬಿಳಿ ರುಮಾಲು ಸುತ್ತಿದರು. ಹೆಂಗಸಿನ ಪರದವರು ಕೆಂಪು ಸುತ್ತಿದರು. ಬಿಳಿ ರುಮಾಲಿನವನ ಗಡ್ಡ ಕೆರೆಯಲು ಕೆಂಪು ರುಮಾಲಿನ ಕ್ಷೌರಿಕ ಒಲ್ಲೆನೆಂದ. ಒಂದು ಮದುವೆಯ ಮಾತುಕತೆ ಹೋಳಿಗೆ ಎಲೆಗೆ ಬಿದ್ದ ಮೇಲೆ ಮುರಿಯಿತು. ಡಂಗುರದವನನ್ನು ಜನ ಹೆಗಲ ಮೇಲೆ ಹೊತ್ತು ಮೆರೆಸಿದರು. ಅವನ ಹೆಂಡತಿ ಅವನ ಗಂಟಲಿಗೆಂದು ಜ್ಯೇಷ್ಠಮಧು ತೇಯ್ದು ಕೊಟ್ಟಳು. ಹುಟ್ಟಿದ ಮೇಲೆ ಅವನು ಅಷ್ಟು ಸಂತೋಷ ಕಂಡಿರಲಿಲ್ಲ.

ಆ ದಿನಗಳಲ್ಲಿ ಛತ್ರದ ಕಡೆಗೆ ಯಾರೂ ಹೋಗಲಿಲ್ಲ. ಪಂಡಿತನ ಮನೆಯ ಬಾಗಿಲನ್ನೂ ಯಾರೂ ತಟ್ಟಲಿಲ್ಲ.

ಹುಣ್ಣಿಮೆ ಬಂತು. ಸಭೆಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಜನ ಗೋಡೆಯ ಮೇಲೆ ಕೂತಿದ್ದರು, ಮರದ ಕೊಂಬೆಗೆ ಜೋತುಬಿದ್ದಿದ್ದರು. ಒಂದು ಕಡೆ ಬಿಳಿ, ಒಂದು ಕಡೆ ಕೆಂಪು. ಹಿರಿಯರು ಕಟ್ಟೆಯ ಮೇಲೆ ಕೂತರು. ಕಟ್ಟೆಯ ಬಲಕ್ಕೆ ಪಂಡಿತ, ಎಡಕ್ಕೆ ಗಾಣದ ಹೆಂಗಸು. ಡಂಗುರದವನಿಗೆ ಕಟ್ಟೆಯ ಬುಡದಲ್ಲೇ ಜಾಗ ಸಿಕ್ಕಿತ್ತು.

"ಹೇಳಮ್ಮಾ" ಎಂದರು ಸಭೆಯ ಹಿರಿಯರು.

ಅವಳು ಎದ್ದು ಕೈ ಮುಗಿದಳು. ಅವಳು ಎದ್ದದ್ದೇ ತಡ ಕೆಂಪು ರುಮಾಲಿನವರು, "ಗಾಣದವ್ವನಿಗೆ ನ್ಯಾಯ! ಗಾಣದವ್ವನಿಗೆ ನ್ಯಾಯ!" ಎಂದು ಆರ್ಭಟಿಸಿದರು. "ಪಂಡಿತರಿಗೆ ಜಯ!" ಎಂದು ಬಿಳಿಯವರು ಗರ್ಜಿಸಿದರು. ಅವಳ ತುಟಿಗಳು ಅಲುಗಿದವು. ಒಂದು ಮಾತೂ ಕಟ್ಟೆಯ ಮೇಲಿದ್ದವರಿಗೆ ಮುಟ್ಟಲಿಲ್ಲ. ಹಿರಿಯರು ಕಿವಿಗೆ ಕೈ ಹಚ್ಚಿ ಮುಂದೆ ಬಾಗಿದರು. ಆಗಲೂ ಕೇಳಿಸಲಿಲ್ಲ. ಅವಳು ಮತ್ತೆ ಮೊದಲಿನಿಂದ ಶುರುಮಾಡಿದಳು. ಕೂಗು ಇನ್ನೂ ಏರಿತು.

ಹಿರಿಯರು ಡಂಗುರದವನಿಗೆ, "ನಿನ್ನ ಮಾತನ್ನಾದರೂ ಕೇಳುತ್ತಾರೆ. ಅವರನ್ನು ಸುಮ್ಮನಿರಿಸು" ಎಂದು ಸನ್ನೆ ಮಾಡಿದರು.

ಅವನು ಕಟ್ಟೆ ಹತ್ತಿ ತಮಟೆ ಬಡಿದ. ಹೊಸ ಸುದ್ದಿ ಬಂತೆಂದು ಜನ ಹೋ ಎಂದರು. ಅವನು ಇನ್ನೂ ಜೋರಾಗಿ ಬಡಿದ. ಅವರು ಆ ತಾಳಕ್ಕೆ ಕುಣಿಯತೊಡಗಿದರು. "ಸುಮ್ಮನಿರಿ! ಕೈ ಮುಗಿಯುತ್ತೇನೆ, ಸುಮ್ಮನಿರಿ!" ಎಂದು ಕೂಗಿದ. ಆ ಕಂಚಿನ ಕಂಠ ಅವನ ಕಿವಿಗೇ ಕೇಳಲಿಲ್ಲ.

ಆಗ ಪಂಡಿತ ಎದ್ದ. ಕೈ ಎತ್ತಿ ಏನೋ ಹೇಳಿದ. ಮಗ್ಗುಲಲ್ಲೇ ನಿಂತಿದ್ದ ಡಂಗುರದವನಿಗೆ ಮಾತ್ರ ಆ ಮಾತು ಕೇಳಿಸಿತು.

"ಆಕೆ ಹೇಳುವುದು ನಿಜ. ಅಂದು ನಾನು ಅವಸರ ಮಾಡಿದೆ. ಆಕೆ ಪೂರ್ತಿ ಹೇಳಲಿ. ನಾನು ಕೂತು ಕೇಳುತ್ತೇನೆ."

ಅಷ್ಟರಲ್ಲಿ ಗೋಡೆಯ ಮೇಲಿದ್ದವರು ನೂಕಾಟದಲ್ಲಿ ಕೆಳಗಿದ್ದವರ ಮೇಲೆ ಬಿದ್ದರು. ಮಕ್ಕಳು ಚೀರಿದರು. ಇನ್ನು ತಡ ಮಾಡಿದರೆ ಹೆಣ ಬೀಳುತ್ತದೆಂದು ಹಿರಿಯರು ಹೆದರಿದರು. ಬಿಳಿಯವರ ಕೂಗು ತುಸು ದೊಡ್ಡದಾಗಿತ್ತು. "ಊರು ಒಪ್ಪಿದೆ" ಎಂದು ಹೇಳಿ ಸಭೆ ಮುಗಿಸಿದರು. ಪಂಡಿತ ಬೇಡ ಬೇಡವೆಂದು ಕೈಯಾಡಿಸುತ್ತಿದ್ದಂತೆಯೇ ಜನ ಅವನನ್ನು ಎತ್ತಿಕೊಂಡು ಹೋದರು. ಗಾಣದ ಹೆಂಗಸು ಅಂಗಳ ಬರಿದಾಗುವ ತನಕ ನಿಂತಿದ್ದು, ಆಮೇಲೆ ತನ್ನ ಹಳ್ಳಿಯ ದಾರಿ ಹಿಡಿದಳು.

ಡಂಗುರದವನು ಅವಳ ಹಿಂದೆ ಓಡಿದ. ಕೆರೆ ಏರಿಯ ಮೇಲೆ ಅವಳನ್ನು ಹಿಡಿದು ಪಂಡಿತನ ಮಾತನ್ನು ಹೇಳಿದ. ಅವಳು, "ಅವರ ಬಾಯಿಂದ ಕೇಳಿದ್ದರೆ ಸಾಕಿತ್ತು ಅಣ್ಣಾ" ಎಂದು ಹೇಳಿ ನಡೆದಳು.

ಮರುದಿನ ಅವನು ಪೇಟೆಯ ನಡುವೆ ನಿಂತು, ತಾನೊಬ್ಬನೇ ಕೇಳಿದ ಆ ಮಾತನ್ನು ಎದೆ ಬಿರಿಯುವಂತೆ ಸಾರಿದ. ಅವನು ಸಾರಿದವುಗಳಲ್ಲೆಲ್ಲ ಅದು ದೊಡ್ಡ ಸುದ್ದಿ. ಬಟ್ಟೆ ಅಂಗಡಿಯವನು, "ಅದೆಲ್ಲ ನಿನ್ನೆಗೇ ಮುಗಿಯಿತಲ್ಲಪ್ಪಾ" ಎಂದು ಬಟ್ಟೆ ಅಳೆಯತೊಡಗಿದ. ಉಳಿದವರು ತಲೆ ಎತ್ತಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರ ಕೂತಲ್ಲಿಂದ ಜಿಗಿದು ನಿಂತ.

"ಎಂಥ ಅನ್ಯಾಯ ಗುರುಗಳೇ! ಆ ದಿನ ನಾನು ಆ ಅಂಗಳದಲ್ಲಿ ಇರಬೇಕಿತ್ತು. ಆಕೆಯ ಪರವಾಗಿ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದೆ!"

ಗುರುಗಳು ಹೇಳಿದರು: "ಆಕೆಯ ಮಾತು ಕೇಳಿಸದ ಹಾಗೆ ಮಾಡಿದವರಲ್ಲಿ ಅರ್ಧ ಜನ ಆಕೆಯ ಪರವಾಗಿಯೇ ಕೂಗುತ್ತಿದ್ದರು, ಮಗು."