ಕೊಂಬಿನ ಬುಡ

ಈ ಕತೆ ಬೇರೆಯೋರು ಅರ್ಧ ನುಂಗಿ ಹೇಳ್ತಾರೆ. ನಾನು ನುಂಗಲ್ಲ. ಪೂರ್ತಿ ಗೊತ್ತಿರೋನು ನಾನೊಬ್ಬನೇ.

ಹಳ್ಳದ ದಂಡೆ ಮೇಲೆ ಒಂದು ಗುಡಿಸ್ಲು. ಅದರಾಗೆ ಒಬ್ಬ ಅಜ್ಜಯ್ಯ, ಅವನ ಜೊತೆಗೆ ಒಂದು ಕರಿ ನಾಯಿ. ಮಠ ಅಂದ್ರೆ ಅಷ್ಟೇ.

ಅಜ್ಜಯ್ಯನ ಶಿಷ್ಯ ಬೋರಯ್ಯ. ಗುಡ್ಡದ ಕೆಳಗಿನ ಬೇಟೆಗಾರರ ಹಟ್ಟಿಗೆ ಯಜಮಾನ. ಒಂದಿನ ಮಧ್ಯಾಹ್ನ ಓಡೋಡಿ ಬಂದ. ಬಂದೋನು ಕೂತ, ಎದ್ದ, ಮತ್ತೆ ಕೂತ.

"ಇರುವೆ ಕಚ್ತಾವೇನ್ಲಾ?" ಅಂದ ಅಜ್ಜಯ್ಯ.

"ಇಲ್ಲ ಅಜ್ಜಯ್ಯ. ಹೊತ್ತು ಮುಳುಗೋದ್ರಾಗೆ ಕಾಟಯ್ಯನ ಬಿಲ್ಲು ಮುರೀಬೇಕು. ನಾನೇ ಮುರೀಬೇಕು."

"ಯಾವ ಕಾಟಯ್ಯ? ನಿನ್ನ ತಂಗಿ ಗಂಡನಾ?"

"ಹೂಂ. ಅವನೇ."

"ಏನು ಮಾಡ್ದ?"

"ಸಣ್ಣ ಕೊಂಬಿನ ಕಡವೆ ಹೊಡೆದ. ಕವಲೇ ಒಡೆದಿರ್ಲಿಲ್ಲ. ಪೊದೆಯಾಗೆ ಸರಿಯಾಗಿ ಕಾಣ್ಲಿಲ್ಲ ಅಂತಾನೆ. ಹೊಡೆದಿದ್ದನ್ನ ಹೆಗಲ ಮೇಲೆ ಹಾಕ್ಕೊಂಡು ಹಟ್ಟಿ ನಡುವೆ ನಡ್ಕೊಂಡು ಬಂದ. ನನ್ನ ಮುಂದೆ ಇಳಿಸಿ 'ತಪ್ಪಾತು ಭಾವ' ಅಂದ."

ಕಟ್ಟಳೆ ಮಾಡಿದ್ದು ಬೋರಯ್ಯನೇ, ಮೂರು ವರ್ಷದ ಹಿಂದೆ. ಕೊಂಬು ಮೂರು ಕವಲು ಒಡೆದಿರೋ ಗಂಡು ಕಡವೆ ಮಾತ್ರ ಹೊಡೀಬೇಕು. ಇಡೀ ಹಟ್ಟಿಗೆ ವರ್ಷಕ್ಕೆ ಹನ್ನೆರಡು, ಹೆಚ್ಚಿಗೆ ಒಂದೂ ಇಲ್ಲ. ಮೀರಿದೋನ ಬಿಲ್ಲು ಮುರಿಯೋದು. ಆಮೇಲೆ ಅವನು ಸಾಯೋ ತನಕ ಬಿಲ್ಲು ಮುಟ್ಟಂಗಿಲ್ಲ.

ಬೇಟೆಗಾರನಿಗೆ ಬಿಲ್ಲು ಹೋದ್ರೆ ಉಳಿಯೋದೇನು? ಬೇರೆಯೋರು ಹೊಡೆದಿದ್ದನ್ನ ಹೊರೋದು.

"ಮುರಿ ಅಂತ ನೀನು ಒಂದು ಮಾತು ಅಂದ್ಬಿಡು ಅಜ್ಜಯ್ಯ. ಮುರೀತೀನಿ."

"ಕಟ್ಟಳೆ ಮಾಡುವಾಗ ನನ್ನ ಕೇಳಿದ್ಯಾ?"

"ಇಲ್ಲ."

"ಈಗ ಯಾಕೆ ಕೇಳ್ತೀಯ?"

ಬೋರಯ್ಯ ಎದ್ದ. ಹಳ್ಳದ ತನಕ ಹೋದ. ವಾಪಸ್ ಬಂದ.

"ತಂಗಿ ಬಾಗಿಲಾಗೆ ನಿಂತಿದ್ಲು. 'ಅಣ್ಣ, ಇದನ್ನ ಕಾಡಿನಾಗೇ ಮುಚ್ಚಿಟ್ಟು ಬಂದಿದ್ರೆ ನನ್ನ ಗಂಡನ ಬಿಲ್ಲು ಉಳೀತಿತ್ತು, ಅಲ್ವಾ?' ಅಂದ್ಲು. ಆವಾಗಿಂದ ನನಗೆ ಕೂರಕ್ಕಾಗ್ತಿಲ್ಲ."

"ನೀನೇನಂದೆ?"

"ಬೈದೆ. ನನ್ನ ಕಟ್ಟಳೆಯಾಗೆ ತಪ್ಪಿಲ್ಲ ಅಜ್ಜಯ್ಯ! ಮುಂಚೆ ಗುಡ್ಡದಾಗೆ ಒಂದು ದೊಡ್ಡ ಕೊಂಬು ಕಂಡ್ರೆ ಹಬ್ಬ. ಈಗ ನೀರಿಗೆ ಬಂದಾಗ ನಾಕು ನಾಕು ಒಟ್ಟಿಗೆ ಕಾಣ್ತಾವೆ, ಮೂರು ಕವಲಿನವು. ಈ ಮೂರು ವರ್ಷದಾಗೆ ಹಟ್ಟಿಗೆ ಒಂದೇ ಒಂದು ಸಣ್ಣ ಕೊಂಬು ಬಂದಿಲ್ಲ. ಇಂಥ ಕಟ್ಟಳೆ ಯಾವ ಹಟ್ಟಿಯಾಗೈತೆ, ತೋರಿಸು!"

"ಒಂದೂ ಬಂದಿಲ್ವಾ?"

"ಕಾಟಯ್ಯನದೇ ಮೊದಲು."

"ಭೇಷ್," ಅಂದ ಅಜ್ಜಯ್ಯ. ಒಳಗೆ ಹೋದ. ಒಂದು ಹಳೇ ಬುಟ್ಟಿ ತಂದು ಬೋರಯ್ಯನ ಕಾಲ ಹತ್ರ ಸುರಿದ.

ಕೊಂಬು. ಎಲ್ಲಾ ಸಣ್ಣವು. ಕೆಲವಕ್ಕೆ ಒಂದು ಕವಲು, ಕೆಲವಕ್ಕೆ ಅದೂ ಇಲ್ಲ.

"ಯಾರು ತಂದಿದ್ದು?"

"ಇವನು." ಅಜ್ಜಯ್ಯ ನಾಯಿ ತೋರಿಸಿದ. "ಎಲ್ಲೆಲ್ಲಿ ಕೆರೀತಾನೋ. ಕಡಿದು ಕಡಿದು ಹಲ್ಲು ನೊಂದ ಮೇಲೆ ನನಗೆ ದಾನ ಮಾಡ್ತಾನೆ."

ಬೋರಯ್ಯ ನಕ್ಕ. "ಇವು ಉದುರಿದ ಕೊಂಬು. ಕಡವೆ ಕೊಂಬು ಉದುರಿಸಿ ಮತ್ತೆ ಬೆಳೆಸ್ತಾವೆ. ಇಷ್ಟು ವರ್ಷ ಕಾಡಿನಾಗಿದ್ದೀಯ, ಅಷ್ಟೂ ತಿಳೀದಾ?"

"ತಿಳೀದು ಕಣಪ್ಪ. ಬೇಟೆಗಾರ ನೀನು. ತಿರುಗಿಸಿ ಬುಡ ನೋಡಿ ಹೇಳು."

ಗೊತ್ತಿಲ್ಲದೋರಿಗೆ ನಾನು ಹೇಳ್ತೀನಿ. ನಾನು ಕೈಯಾಗೆ ಹಿಡಿದಷ್ಟು ಕೊಂಬು ನೀವು ಕಣ್ಣಾಗೂ ನೋಡಿರಲ್ಲ. ತಾನಾಗೇ ಉದುರಿದ ಕೊಂಬಿನ ಬುಡ ದುಂಡಗಿರ್ತೈತೆ. ಸತ್ತ ಕಡವೆ ಕೊಂಬಾದ್ರೆ ಬುಡದಾಗೆ ತಲೆಬುರುಡೆ ಚೂರು ಕಚ್ಕೊಂಡಿರ್ತೈತೆ.

ಬೋರಯ್ಯ ಒಂದು ತಿರುಗಿಸಿದ. ಬುರುಡೆ.

ಇನ್ನೊಂದು. ಬುರುಡೆ.

ನಾಕನೇದಕ್ಕೆ ನಗು ಹೋತು.

"ಚಿರತೆ ಹೊಡೆದಿರ್ತೈತೆ," ಅಂದ.

"ಇರಬೌದು. ಮೊನ್ನೆ ಇವನ ಹಿಂದೆ ಹೋಗಿ ನೋಡ್ದೆ. ಚಿರತೆ ಮಣ್ಣು ಎಳೆದು, ಮೇಲೆ ಸೊಪ್ಪು ಹೊದಿಸಿ, ಸೊಪ್ಪು ಹಾರದಂಗೆ ಕಲ್ಲು ಬೇರೆ ಹೇರಿತ್ತು. ಭಾಳ ಬುದ್ಧಿವಂತ ಚಿರತೆ."

ಬೋರಯ್ಯ ಮಿಕ್ಕಿದವನ್ನೂ ತಿರುಗಿಸಿದ. ಎಲ್ಲಾದ್ರಾಗೂ ಬುರುಡೆ.

"ಹನ್ನೊಂದು ಜೀವ," ಅಂದ ಅಜ್ಜಯ್ಯ. "ವರ್ಷಕ್ಕೆ ಹನ್ನೆರಡು ಅಂತೀಯಲ್ಲ, ಇವು ಯಾವ ಹನ್ನೆರಡರಾಗೆ ಸೇರಿದ್ವು?"

ಬೋರಯ್ಯನ ಕೈ ಸುಮ್ನಿರ್ಲಿಲ್ಲ. ರಾಶಿ ಕೆದಕಿತು, ಹರಡಿತು, ಮತ್ತೆ ಕೂಡಿಸ್ತು. ಕಡೆಗೆ ಒಂದು ಕೊಂಬಿನ ಮೇಲೆ ನಿಂತು ಹೋತು. ಗೇಣುದ್ದ. ಎಡಕ್ಕೆ ಸೊಟ್ಟ.

"ಗುರುತು ಸಿಕ್ತೇನ್ಲಾ?"

ಬೋರಯ್ಯ ಅದಕ್ಕೆ ಅಂಟಿದ್ದ ಮಣ್ಣು ಒರೆಸಿದ.

"ಕಟ್ಟಳೆ ಮಾಡಿದ ವರ್ಷವೇ," ಅಂದ. "ಮುಂಜಾನೆ ಮಂಜು. ದೊಡ್ಡದು ಅಂತ ಬಾಣ ಬಿಟ್ಟೆ. ಹತ್ರ ಹೋದ್ರೆ ಇದು. ಯಜಮಾನನೇ ಹೆಂಗೆ ಹೊತ್ಕೊಂಡು ಬರ್ಲಿ ಅಜ್ಜಯ್ಯ? ಮಿಕ್ಕಿದವು ಯಾರದೋ ಕಾಣೆ. ಇದರ ಮೇಲೆ ಕಲ್ಲು ನಾನೇ ಹೇರಿದ್ದು."

ನಾಯಿ ಬಂದು ಆ ಕೊಂಬು ಮೂಸಿತು. ಬೋರಯ್ಯ ಅದನ್ನ ಓಡಿಸ್ಲಿಲ್ಲ.

"ಹಂಗಾದ್ರೆ ಕಟ್ಟಳೆ ಕಿತ್ತಾಕ್ಲಾ?"

"ನೀರಿಗೆ ದೊಡ್ಡ ಕೊಂಬು ಬರ್ತಾವೆ ಅಂದ್ಯಲ್ಲ, ಸುಳ್ಳಾ?"

"ನಿಜ. ಆಣೆಗೂ ನಿಜ."

"ಮತ್ಯಾಕೆ ಕೀಳ್ತೀಯ?"

"ಹಂಗಾದ್ರೆ ಕಾಟಯ್ಯನ ಬಿಲ್ಲು ಮುರೀಲಾ?"

"ಮುರಿ. ನಾಳೆ ಇನ್ನೊಬ್ಬ ತಪ್ಪಿ ಹೊಡೆದ ಅನ್ನು. ಅವನು ಏನು ಮಾಡ್ತಾನೆ?"

"ಕಲ್ಲು ಹುಡುಕ್ತಾನೆ," ಅಂದ ಬೋರಯ್ಯ.

ಹೊತ್ತು ಗುಡ್ಡಕ್ಕೆ ತಾಗಿತ್ತು. ಹಟ್ಟಿ ಕಡೆಯಿಂದ ತಮಟೆ ಕೇಳಿಸ್ತು. ಜನ ಸೇರ್ತಿದ್ರು. ಬೋರಯ್ಯ ಎದ್ದ, ಕೂತ, ಮತ್ತೆ ಎದ್ದ.

"ಏನು ಮಾಡ್ಲಿ ಹೇಳು ಅಜ್ಜಯ್ಯ! ನಿನ್ನ ಕಾಲು ಹಿಡೀತೀನಿ!"

ಅಜ್ಜಯ್ಯ ಆ ಸೊಟ್ಟ ಕೊಂಬು ಎತ್ತಿ ಅವನ ಹೆಗಲ ಮೇಲಿಟ್ಟ.

"ಕಾಟಯ್ಯ ಇಡೀ ಕಡವೆ ಹೊತ್ಕೊಂಡು ಹಟ್ಟಿ ನಡುವೆ ಬಂದ. ಇದು ಗೇಣುದ್ದ ಐತೆ. ಹೊತ್ಕೊಂಡು ಹೋಗು."